ಶಕುನಿಗಿದ್ದದ್ದೂ ಕೌಶಲವೇ

ಯುಗಾದಿ ಬಂತೆಂದರೆ ಕರಿಘಟ್ಟದ ಸುತ್ತಿನ ಊರುಗಳಲ್ಲಿ ಇಸ್ಪೀಟಿನ ಅಡ್ಡೆಗಳು ಏಳುತ್ತವೆ. ತೋಟದ ಮರೆಯಲ್ಲಿ ಚಾಪೆ ಹಾಸಿ ಅಂದರ್-ಬಾಹರ್ ಆಡುವವರು ಸಿಕ್ಕಿಬಿದ್ದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು, ಪಣಕ್ಕಿಟ್ಟ ಹಣ ಜಪ್ತಿ. ಅದೇ ಊರಿನ ಹುಡುಗ ಮೊಬೈಲಿನಲ್ಲಿ ಷೇರು ಸೂಚ್ಯಂಕ ನಿಫ್ಟಿಯ ಆಪ್ಷನ್ ಕೊಂಡು ಮಧ್ಯಾಹ್ನದೊಳಗೆ ಆ ಚಾಪೆಯ ಪಣದ ಹತ್ತರಷ್ಟು ಕಳೆದರೂ ಅವನು ಟ್ರೇಡರ್. ಇದನ್ನು ಸಮರ್ಥಿಸುವವರ ಬಾಯಲ್ಲಿ ಬರುವ ಕಾರಣ ಒಂದೇ: ಇದು ಕೌಶಲ, ಅದು ಅದೃಷ್ಟ. ನ್ಯಾಯಾಲಯಗಳೂ ಈ ಗೆರೆಯನ್ನೇ ಹಿಡಿದಿವೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು, 1996ರಲ್ಲಿ ಕುದುರೆ ಪಂದ್ಯವನ್ನು ಕೌಶಲದ ಪಟ್ಟಿಗೆ ಸೇರಿಸಿತು. ಆನ್‌ಲೈನ್ ಪಣದಾಟ ನಿಷೇಧಿಸಿದ್ದ ರಾಜ್ಯದ 2021ರ ತಿದ್ದುಪಡಿಯನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿದಾಗಲೂ ಇದೇ ವಾದ ಮುಖ್ಯವಾಗಿತ್ತು.

ನನಗೆ ಈ ವಾದವೇ ತಲೆಕೆಳಗಾಗಿ ಕಾಣುತ್ತದೆ. ವನವಾಸದಲ್ಲಿ ಪಾಂಡವರು ತಂಗಿದ್ದರೆಂದು ಪಾಂಡವಪುರದ ಜನ ಕುಂತಿಬೆಟ್ಟವನ್ನು ತೋರಿಸುತ್ತಾರೆ. ಅವರನ್ನು ಕಾಡಿಗಟ್ಟಿದ್ದು ಬರೀ ಅದೃಷ್ಟವಲ್ಲ. ಆಟದ ಚಪಲವಿದ್ದು ಆಟ ಬಾರದ ಧರ್ಮರಾಯ, ಅರೆದು ಕುಡಿದ ಶಕುನಿಯ ಎದುರು ಕೂತದ್ದು. (ದಾಳದ ಮೋಸದ ಕಥೆ ಬದಿಗಿಟ್ಟರೂ ಮಾತು ಬದಲಾಗದು.) ಎಲೆ ಬೀಳುವುದು ಅದೃಷ್ಟವಾದರೆ ಚಾಪೆಯ ಮೇಲಿನ ನಾಲ್ವರೂ ಸಮಾನರು. ಕೌಶಲವೆಲ್ಲ ಒಂದೇ ಕಡೆ ಇದ್ದರೆ ಅದು ಸುಲಿಗೆ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೊರಗಿಟ್ಟ ಲೆಕ್ಕ ನೋಡಿ: 2021-22ರಿಂದ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಮಂದಿ ಸೋತರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. 2023-24ರಲ್ಲಿ ಗೆದ್ದವರು ಯಾರು? ಸ್ವಂತ ಖಾತೆಯಲ್ಲಿ ವ್ಯವಹರಿಸುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ, ಹೆಚ್ಚುಪಾಲು ಕಂಪ್ಯೂಟರ್ ಅಲ್ಗಾರಿದಮ್‌ಗಳಿಂದಲೇ. ಆ ವರ್ಷ ಆಡಿದ ಬಿಡಿ ಹೂಡಿಕೆದಾರರಲ್ಲಿ ಮುಕ್ಕಾಲು ಪಾಲು ಜನ ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು.

ಕಬ್ಬು ಹಾಕುವ ರೈತನೂ ಜೂಜಾಡುತ್ತಾನಲ್ಲ ಎಂಬ ಮಾತು ಹಳೆಯದು. ಅವನು ಸೋತರೂ ಆಲೆಮನೆಯಿಂದ ಬೆಲ್ಲ ಬರುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಪಣ ಕಟ್ಟುವವರೇ ಇಲ್ಲದಿದ್ದರೆ, ಸರಕು ರಫ್ತು ಮಾಡಿ ಮೂರು ತಿಂಗಳ ಮೇಲೆ ಡಾಲರ್ ಕಾಣುವವನ ನಷ್ಟಭಯವನ್ನು ಹೊರುವವರು ಯಾರು? ನಿಜ, ಯಾರಾದರೂ ಹೊರಬೇಕು. ಆದರೆ ಎಷ್ಟು ಜನ? ರೂಪಾಯಿ-ಡಾಲರ್ ವಾಯಿದೆ ಮಾಡುವವನಿಗೆ ನಿಜವಾದ ವಿದೇಶಿ ವಿನಿಮಯದ ಬಾಕಿ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಒತ್ತಿ ಹೇಳಿತು. ಅಷ್ಟಕ್ಕೇ ಷೇರುಪೇಟೆಗಳ ಕರೆನ್ಸಿ ವಹಿವಾಟು ಕುಸಿದುಬಿತ್ತು. ಅಗತ್ಯದವರೆಷ್ಟು, ಆಟದವರೆಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

'ನನ್ನ ದುಡ್ಡು, ನನ್ನಿಷ್ಟ' ಎನ್ನುವವರಿಗೆ ಸಂಸತ್ತೇ 2025ರ ಆಗಸ್ಟಿನಲ್ಲಿ ಉತ್ತರ ಕೊಟ್ಟಿದೆ. ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆಟವನ್ನೆಲ್ಲ ನಿಷೇಧಿಸಿತು. ರಮ್ಮಿ ಆ್ಯಪ್‌ಗೆ ಸಲ್ಲದ ಸ್ವಾತಂತ್ರ್ಯ ವಾರಕ್ಕೇ ಅವಧಿ ಮುಗಿಯುವ ಆಪ್ಷನ್‌ಗೆ ಹೇಗೆ ಸಲ್ಲುತ್ತದೆ? ಪೇಟೆ ಮುಚ್ಚಿ ಎನ್ನುತ್ತಿಲ್ಲ. ಡಾಲರ್ ವಾಯಿದೆಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಲಿ, ಕೈಯಲ್ಲಿ ಷೇರೇ ಇಲ್ಲದವನಿಗೆ ಸೂಚ್ಯಂಕದ ವಾರದ ವಾಯಿದೆ ಯಾಕೆಂದು. ಕೇಂದ್ರ ಸರ್ಕಾರ ಕೇಳಿಲ್ಲ. 2024ರ ಅಕ್ಟೋಬರಿನಿಂದ ಆಪ್ಷನ್ ಮಾರಾಟದ ಮೇಲಿನ ತೆರಿಗೆಯನ್ನು ಶೇ 0.0625ರಿಂದ 0.1ಕ್ಕೆ ಏರಿಸಿತು, ಅಷ್ಟೆ. ಸೋತು ಮಾರಿ ಹೊರಬಿದ್ದವನೂ ಅದನ್ನು ಕಟ್ಟುತ್ತಾನೆ.