ವಿಮಾನ ಬಂದಿತೆಂದು ದಾಖಲಾ ಒಯ್ಯಬೇಡಿರಿ



ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ 2025ರ ಜೂನ್ 9ರಂದು ಗೋವೆಗೆ ಪ್ರಯಾಣಿಕರ ವಿಮಾನ ಹಾರಿತು. ಅದೇ ವರ್ಷದ ಅಕ್ಟೋಬರದಲ್ಲಿ ಮುಂಬೈಗೂ ಸೇವೆ ಆರಂಭವಾಯಿತು. ಹಿಂದೊಮ್ಮೆ ಕೆಲಕಾಲ ಕಿಂಗ್‌ಫಿಶರ್ ವಿಮಾನ ಬಂದುಹೋಗಿ ನಿಂತ ಮೇಲೆ ಈ ನೆಲಕ್ಕೆ ಬಹಳ ವರ್ಷ ವಿಮಾನದ ಸಪ್ಪಳವೇ ಇರಲಿಲ್ಲ. ಕನ್ನಡ ಮಾತಿನ ಉತ್ತರದ ಅಂಚಿನಲ್ಲಿರುವ ನಮಗೆ ಇದು ಸಂತೋಷದ ಸಂಗತಿಯೇ ಸರಿ.

ಆದರೆ ಜೂನ್ ಎಂದರೆ ನಮ್ಮ ಕಡೆ ಶಾಲೆ ತೆರೆಯುವ ತಿಂಗಳು. ವಿಮಾನ ಹಾರಿದ ವಾರವೊಪ್ಪತ್ತಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನ ತಂದೆ ಬಂದು ದಾಖಲಾ ಕೇಳಿದರು.

"ಗುರುಗಳ, ಊರಿಗೆ ವಿಮಾನ ಬಂತ್ರಿ. ಇನ್ನ ಇವನ್ನ ಇಂಗ್ಲಿಷ್ ಸಾಲಿಗೆ ಹಾಕ್ತೀನ್ರಿ. ಕನ್ನಡ ಕಲ್ತು ಅಲ್ಲಿ ಏನ್ ಮಾಡ್ತಾನ್ರಿ?"

"ಅಲ್ಲಿ ಅಂವಾ ಏನ್ ಕೆಲಸ ಮಾಡ್ಬೇಕಂತ ನಿಮ್ಮ ವಿಚಾರ ಐತ್ರಿ?" ಎಂದು ಕೇಳಿದೆ. ಅವರು ಸುಮ್ಮನಾದರು. ನಿಜ ಹೇಳಬೇಕೆಂದರೆ ಅಂದು ನನ್ನ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ದಾಖಲಾ ಕೊಟ್ಟು ಕಳಿಸಿದೆ. ಅಂದು ಅವರಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಯಾವ ಕೆಲಸಗಳಿರುತ್ತವೆ? ಗೋವೆಗೆ ಹಾರಿದ್ದು ಸುಮಾರು 70 ಆಸನಗಳ ಎಟಿಆರ್ ವಿಮಾನ. ಇಂಥ ಬೆರಳೆಣಿಕೆಯ ವಿಮಾನಗಳು ಬಂದುಹೋಗುವ ನಿಲ್ದಾಣದಲ್ಲಿ ನೌಕರಿಗಳೂ ಎಣಿಕೆಯವೇ. ಸಾಮಾನು ಹೊರುವವರು, ಕಾವಲಿನವರು, ಕಸ ಗುಡಿಸುವವರು, ಕ್ಯಾಂಟೀನಿನವರು, ಹೊರಗೆ ಟ್ಯಾಕ್ಸಿಯವರು. ಇವಕ್ಕಾಗಿ ಯಾರೂ ಮಗನನ್ನು ಶುಲ್ಕ ಕಟ್ಟಿ ಓದಿಸಬೇಕಾಗಿಲ್ಲ. ಇನ್ನು ವಿಮಾನಗಳ ಸಂಚಾರವನ್ನು ನಿಯಂತ್ರಿಸುವ ಅಧಿಕಾರಿಯ ಹುದ್ದೆ. ಅದನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಅಖಿಲ ಭಾರತ ಪರೀಕ್ಷೆಯಿಂದ ತುಂಬುತ್ತದೆ. ಅದಕ್ಕೆ ಭೌತಶಾಸ್ತ್ರ ಮತ್ತು ಗಣಿತ ಓದಿದ ಪದವಿ ಇಲ್ಲವೆ ಇಂಜಿನಿಯರಿಂಗ್ ಪದವಿ ಬೇಕು. ಪೈಲಟ್ ಆಗಬೇಕಾದರೆ ವ್ಯಾವಹಾರಿಕ ಪರವಾನಗಿಗೆ 200 ತಾಸು ಹಾರಿರಬೇಕು. ಅದರ ಖರ್ಚು ಹಲವು ಲಕ್ಷ. ಇವೆರಡಕ್ಕೂ ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು; ಅದಕ್ಕೆ ಪ್ರತ್ಯೇಕ ಪರೀಕ್ಷೆಯೂ ಉಂಟು. ಆದರೆ ಏಳನೆಯ ತರಗತಿಯನ್ನು ಯಾವ ಮಾಧ್ಯಮದಲ್ಲಿ ಓದಿದೆ ಎಂದು ಆ ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ. ಗಣಿತ ಬರುತ್ತದೆಯೇ ಎಂದು ಕೇಳುತ್ತಾರೆ.

ಗಣಿತದ ಮಾತು ಬಂದುದರಿಂದ ಒಂದು ಪಾಠದ ವಿಷಯ ಹೇಳುತ್ತೇನೆ. ಈ ನಿಲ್ದಾಣಕ್ಕೆ ವಿಮಾನ ಬರಲು ಬಹುಕಾಲ ಅಡ್ಡವಾಗಿದ್ದುದು ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಚಿಮಣಿ. ಸುಮಾರು 90 ಮೀಟರ್ ಎತ್ತರದ ಆ ಚಿಮಣಿಯನ್ನು 2023ರ ಜೂನ್ 15ರಂದು ಪೊಲೀಸ್ ಬಂದೋಬಸ್ತಿನಲ್ಲಿ ಸ್ಫೋಟಕ ಇಟ್ಟು ಕೆಡವಲಾಯಿತು. ಕಬ್ಬು ಬೆಳೆಗಾರರು ವಿರೋಧಿಸಿದರು. ಅವರಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡಿಗರೂ ಇದ್ದರು. ಊರಿನಲ್ಲಿ ಈ ಬಗ್ಗೆ ಜಗಳವಾಡದವರಿಲ್ಲ. ಆದರೆ ಚಿಮಣಿ ಏಕೆ ಅಡ್ಡವಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದವರು ಎಷ್ಟು ಜನ?

ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿ ನಡೆದಿತ್ತು. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಕೋನದಲ್ಲಿ ಕೆಳಗೆ ಬರುತ್ತದೆ ಎಂದು ಹೇಳಿ, ಉಳಿದುದನ್ನು ಮಕ್ಕಳಿಗೇ ಬಿಟ್ಟೆ. ನೆಲ ಮುಟ್ಟುವ ಜಾಗಕ್ಕೆ ಒಂದು ಕಿಲೋಮೀಟರ್ ಇದ್ದಾಗ ವಿಮಾನದ ಎತ್ತರ ಸುಮಾರು 52 ಮೀಟರ್, ಎರಡು ಕಿಲೋಮೀಟರ್ ಇದ್ದಾಗ ಸುಮಾರು 105 ಮೀಟರ್ ಎಂದು ಅವರೇ ತೆಗೆದರು. ಅಲ್ಲಿ 90 ಮೀಟರಿನ ಚಿಮಣಿ ನಿಂತಿದೆ ಎಂದು ತಿಳಿಯಿರಿ ಎಂದೆ. ನಡುವೆ ಉಳಿಯುವುದು 15 ಮೀಟರ್. "ಮಳಿ ಗಾಳಿ ಇದ್ದಾಗ ಅಷ್ಟು ಸಾಲೂದಿಲ್ರಿ ಸರ್" ಎಂದಳು ಒಬ್ಬ ಹುಡುಗಿ. ಅದಕ್ಕಾಗಿಯೇ ವಿಮಾನದ ದಾರಿಯ ಕೆಳಗೆ ಇನ್ನೂ ತಗ್ಗಿನ ಮತ್ತೊಂದು ಇಳಿಜಾರನ್ನು ಎಳೆದು, ಯಾವ ಕಟ್ಟಡವೂ ಅದನ್ನು ಮೀರಬಾರದೆಂದು ನಿಯಮ ಮಾಡಿರುತ್ತಾರೆ. ಇದನ್ನು ಅವಳು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಮತ್ತ ನಮ್ಮ ಕಬ್ಬಿನ ಗತಿ ಏನ್ರಿ?" ಎಂದು ಕೇಳಿದ. ಅದಕ್ಕೆ ಸೂತ್ರವಿರಲಿಲ್ಲ. ಆ ದಿನ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಇಷ್ಟೆಲ್ಲ ನಡೆದುದು ಕನ್ನಡದಲ್ಲಿ. ಅರ್ಥವಾಗದ ಭಾಷೆಯಲ್ಲಿ ಅದೇ ಲೆಕ್ಕವನ್ನು ಫಲಕದಿಂದ ಇಳಿಸಿಕೊಂಡಿದ್ದರೆ ಆ ಎರಡು ಪ್ರಶ್ನೆಗಳು ಬರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಇಲ್ಲವೆಂದು ಇನ್ನೂ ತಿಳಿದವರಿದ್ದಾರೆ. ಮಹಾರಾಷ್ಟ್ರದಲ್ಲಿ 2000ದಿಂದಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಮರಾಠಿಯನ್ನೂ ಹಿಂದಿಯನ್ನೂ ನಮ್ಮ ಮಕ್ಕಳು ಕಲಿಯುತ್ತಾರೆ. ವಿಮಾನ ನಿಲ್ದಾಣಗಳ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ನಂತರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು ಕೇಂದ್ರ ಸರಕಾರ 2018ರ ಡಿಸೆಂಬರದಲ್ಲಿ ಸೂಚಿಸಿತು. ನಮ್ಮ ಹುಡುಗರಿಗೆ ಆ ಮೂರೂ ಬರುತ್ತವೆ, ಮೇಲೆ ಮನೆಯ ಮಾತು ಬೇರೆ. ಹೋಟಗಿಯ ಸುತ್ತಮುತ್ತ ಎಷ್ಟು ಕನ್ನಡ ಕೇಳಿಬರುತ್ತದೆಂದು ವಿಜಯಪುರದ ಗಾಡಿ ಹತ್ತುವವರನ್ನು ಕೇಳಿರಿ. ಆ ನಿಲ್ದಾಣದಲ್ಲಿ ಒಂದು ಕನ್ನಡ ಫಲಕ ಬೇಕೆಂದು ನಾವು ಮನವಿ ಕೊಡಬೇಕು, ಕೊಡೋಣ. ಆದರೆ ಮನವಿ ಹಿಡಿದು ಹೋದಾಗ ನಿಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳೆಷ್ಟು ಎಂದು ಅಧಿಕಾರಿ ಕೇಳಿದರೆ ಹೇಳಲು ಒಂದು ಸಂಖ್ಯೆ ಇರಬೇಕಲ್ಲವೇ? ಮಕ್ಕಳ ಪಟಸಂಖ್ಯೆ ನೋಡಿಯೇ ಶಿಕ್ಷಕರ ಹುದ್ದೆ ಮಂಜೂರಾಗುತ್ತದೆ. ನೀವು ಒಯ್ಯುವ ಒಂದು ದಾಖಲಾದಿಂದ ಉಳಿದ ಮಕ್ಕಳ ಗಣಿತ ಶಿಕ್ಷಕರೇ ಹೋಗಬಹುದು.

ನಮ್ಮ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ಹನ್ನೊಂದನೆಯ ವಿಜ್ಞಾನಕ್ಕೆ ಹೋದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತದೆ. ಅಲ್ಲಿ ಮುಗ್ಗರಿಸಿದ ಜಾಣ ಮಕ್ಕಳನ್ನು ನಾನೇ ಕಂಡಿದ್ದೇನೆ. ತಪ್ಪು ಮಾಧ್ಯಮದ್ದಲ್ಲ, ದಾಟಿಸದ ನಮ್ಮದು. ಎಂಟನೆಯ ತರಗತಿಯಿಂದಲೇ ವಿಜ್ಞಾನ, ಗಣಿತದ ಪ್ರತಿಯೊಂದು ಪಾರಿಭಾಷಿಕ ಪದದ ಮಗ್ಗುಲಲ್ಲಿ ಇಂಗ್ಲಿಷ್ ಪದವನ್ನೂ ಬರೆಸಬೇಕು. ಹತ್ತನೆಯ ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ತಿಂಗಳ ವರ್ಗ ನಡೆಸಬೇಕು. ಇದನ್ನು ಬಿಟ್ಟಿಯಾಗಿ ಮಾಡಲು ಕೆಲವು ಶಿಕ್ಷಕರು ಒಪ್ಪಿದ್ದಾರೆ. ನಿಮ್ಮ ಶಾಲೆಯಲ್ಲಿ ನಡೆಯದಿದ್ದರೆ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳಿರಿ. ನಮಗೆ ಬೇಸರವಾದರೂ ಕೇಳಿರಿ.

ಗೋವೆಯ ಕನ್ನಡ ಶಾಲೆಗಳ ಪಾಲಕರೂ ಇದನ್ನು ಓದುತ್ತೀರಿ. ಕೂಲಿಗಾಗಿ ನಿಮ್ಮಲ್ಲಿಗೆ ಬರುವ ನಮ್ಮವರು ಇಂದಿಗೂ ಬಸ್ಸಿನಲ್ಲಿಯೇ ಬರುತ್ತಾರೆ. ವಿಮಾನದ ತಿಕೀಟು ಅವರ ಕೈಗೆ ಎಟುಕುವಂಥದಲ್ಲ. ಅವರ ಮಕ್ಕಳಿಗೆ ನಿಮ್ಮ ಶಾಲೆಯಲ್ಲಿ ಜಾಗ ಸಿಗುವಂತೆ ನೋಡಿಕೊಳ್ಳಿರಿ.

ಅಂದು ದಾಖಲಾ ಒಯ್ದ ತಂದೆ ದೀಪಾವಳಿಯ ನಂತರ ಸಂತೆಯಲ್ಲಿ ಸಿಕ್ಕಿದ್ದರು. ಹುಡುಗ ಈಗ ಟ್ಯೂಷನ್ನಿಗೂ ಹೋಗುತ್ತಾನೆ, ಆದರೂ ಲೆಕ್ಕ ತಿಳಿಯುವುದಿಲ್ಲವೆನ್ನುತ್ತಾನೆ ಎಂದರು. ರವಿವಾರ ನನ್ನ ಮನೆಗೆ ಕಳಿಸಲು ಹೇಳಿದ್ದೇನೆ. ಬರುತ್ತಿದ್ದಾನೆ.