ಬ್ಯಾಟರಿಗೂ ಒಂದು ಗಾಳಿಯಾಡುವ ಮನೆ



ಜೂನ್ ಬಂತೆಂದರೆ ನಮ್ಮ ಅಂಕೋಲಾ ಕಡೆ ಮಳೆ ಮೊದಲೋ, ಕರೆಂಟು ಹೋಗುವುದು ಮೊದಲೋ ಹೇಳಲಿಕ್ಕಾಗದು. ಕಾಳಿ ನದಿಯ ನೀರಿನಿಂದ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತು ತಯಾರಾಗುತ್ತದೆ. ಕೈಗಾದಲ್ಲಿ 2000ದಿಂದ ಅಣುವಿದ್ಯುತ್ತೂ ಇದೆ. ಎಲ್ಲವೂ ನಮ್ಮ ಜಿಲ್ಲೆಯಲ್ಲೇ! ಆದರೆ ಹಿಲ್ಲೂರಿನಂಥ ಊರಿಗೆ ತಂತಿ ಬರುವುದು ಕಾಡಿನ ಮರಗಳ ನಡುವೆ. ಒಂದು ಕೊಂಬೆ ಮುರಿದು ಬಿದ್ದರೆ ರಾತ್ರಿಯಿಡೀ ಕತ್ತಲೆ. ಹಾಗಾಗಿ ಈಗ ಮನೆಮನೆಗೂ ಇನ್ವರ್ಟರ್, ಅದರ ಜೊತೆಗೊಂದು ದೊಡ್ಡ ಬ್ಯಾಟರಿ ಬಂದಿದೆ.

ಬ್ಯಾಟರಿ ಕೊಳ್ಳುವಾಗ ಹತ್ತು ಅಂಗಡಿ ವಿಚಾರಿಸುತ್ತೇವೆ. ಆದರೆ ಅದನ್ನು ಎಲ್ಲಿಡಬೇಕು ಎಂದು ಯಾರೂ ಕೇಳುವುದಿಲ್ಲ. ಅಂಗಡಿಯ ಹುಡುಗ ಹೊತ್ತು ತಂದವನು ಎಲ್ಲಿ ಸುಲಭವೋ ಅಲ್ಲಿಟ್ಟು ಹೋಗುತ್ತಾನೆ. ಕೆಲವರ ಮನೆಯಲ್ಲಿ ಅದು ಮಂಚದ ತಲೆದೆಸೆಗೆ, ಕೆಲವರಲ್ಲಿ ಗ್ಯಾಸ್ ಒಲೆಯ ಕಟ್ಟೆಯ ಕೆಳಗೆ. ‘ನೋಡಲಿಕ್ಕೆ ಚಂದ ಕಾಣೋದಿಲ್ಲ’ ಎಂದು ಬಾಗಿಲಿನ ಕಪಾಟಿನೊಳಗೆ ಮುಚ್ಚಿಟ್ಟವರೂ ಇದ್ದಾರೆ. ಇದು ಒಳ್ಳೆಯದಲ್ಲ. ಯಾಕೆಂದು ಹೇಳುತ್ತೇನೆ ಕೇಳಿ.

ನಾವು ನೀರು ಹಾಕುವ ಬ್ಯಾಟರಿಯಲ್ಲಿ ಸೀಸದ ಫಲಕಗಳೂ ಗಂಧಕಾಮ್ಲವೂ ಇರುತ್ತವೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬಾತ 1859ರಲ್ಲಿ ಕಂಡುಹಿಡಿದದ್ದು ಇದನ್ನೇ. ಚಾರ್ಜ್ ಆಗುವಾಗ, ಅದರಲ್ಲೂ ತುಂಬುತ್ತಾ ಬಂದಾಗ, ಒಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ 100ಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ತೆರೆದ ಜಾಗದಲ್ಲಾದರೆ ಅದು ಹಾಗೇ ಹಾರಿಹೋಗುತ್ತದೆ, ಭಯವಿಲ್ಲ. ಮುಚ್ಚಿದ ಕಪಾಟಿನಲ್ಲಾದರೆ ಅಲ್ಲೇ ಸೇರಿಕೊಳ್ಳುತ್ತದೆ. ಹತ್ತಿರದಲ್ಲೇ ದೇವರ ದೀಪವೋ ಒಲೆಯೋ ಇದ್ದರೆ? ಯೋಚಿಸಿ ನೋಡಿ.

ಹೊರದೇಶಗಳಲ್ಲಿ ಕೆಲವರು ಕಾರಿನ ಹಿಂದೆ ಗಾಲಿಯ ಪುಟ್ಟ ಮನೆಯೊಂದನ್ನು ಎಳೆದುಕೊಂಡು ಪ್ರವಾಸ ಹೋಗುತ್ತಾರೆ. ಅದರ ದೀಪ, ಫ್ಯಾನಿಗೆಂದು ಇಂಥದೇ ಹೆಚ್ಚುವರಿ ಬ್ಯಾಟರಿ ಇರುತ್ತದೆ. ಎಷ್ಟೋ ಬಂಡಿಗಳಲ್ಲಿ ಅದನ್ನು ಮಲಗುವ ಜಾಗದಲ್ಲಿಡದೆ, ಹೊರಗೆ ಮುಂಭಾಗದಲ್ಲಿ ಗಾಳಿಕಂಡಿಯಿರುವ ಪೆಟ್ಟಿಗೆಯಲ್ಲಿ ಕೂರಿಸಿರುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಅವರು ಜಾಗ ಮಾಡಿಕೊಂಡರೆ, ಜಗಲಿ ಇರುವ ನಮಗೇನು ಕಷ್ಟ?

ಇನ್ನು ಜಾಗದ ವಿಚಾರ. ಮಳೆ ನೀರು ಸಿಡಿಯದ, ಬಿಸಿಲು ಬೀಳದ ಜಗಲಿಯ ಮೂಲೆ ಉತ್ತಮ. ಪೆಟ್ಟಿಗೆ ಮಾಡಿಸುವುದಾದರೆ ಕೆಳಗೊಂದು, ಮೇಲೊಂದು ಕಂಡಿ ಬಿಡಿಸಿ. ಜಲಜನಕ ಹಗುರ, ಮೇಲಕ್ಕೇ ಏರುತ್ತದೆ. ಆದ್ದರಿಂದ ಮೇಲಿನ ಕಂಡಿ ಮುಚ್ಚಲೇಬಾರದು. ಇನ್ವರ್ಟರನ್ನು ಬ್ಯಾಟರಿಯ ನೆತ್ತಿಯ ಮೇಲೆ ಇಡದೆ ಪಕ್ಕಕ್ಕೆ ಇಡಿಸಿ. ಬ್ಯಾಟರಿಯ ಮೇಲೆ ಬಟ್ಟೆ ಹೊದೆಸುವುದು, ಪಾತ್ರೆ ಇಡುವುದು ಬೇಡ. ಮಕ್ಕಳ ಕೈಗೆ ಸಿಗದಂತೆ ಮುಂದೊಂದು ಜಾಲರಿ ಇರಲಿ.

ನೆಲದಿಂದ ಎತ್ತರವೂ ಬೇಕು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಗಂಗಾವಳಿ ಉಕ್ಕಿ ದಡದ ಮನೆಗಳಿಗೆ ನೀರು ನುಗ್ಗಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ನಿಮ್ಮ ಗೋಡೆಯ ಮೇಲೆ ನೆರೆಯ ಗುರುತಿದ್ದರೆ ಅದಕ್ಕಿಂತ ಮೇಲೆ ಚಿರೆಕಲ್ಲಿನ ಗಟ್ಟಿ ಕಟ್ಟೆ ಕಟ್ಟಿಸಿ, ಅದರ ಮೇಲೆ ಮರದ ಹಲಗೆ ಹಾಕಿ. ಬ್ಯಾಟರಿ 50 ಕಿಲೋ ಮೀರಿ ತೂಗುತ್ತದೆ. ಅಟ್ಟದ ಮೇಲೆ, ಗೋಡೆಗೆ ಹೊಡೆದ ಹಲಗೆಯ ಮೇಲೆ ಇಡುವ ಸಾಹಸ ಬೇಡ. ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ನೀವಾಗಿ ಮುಟ್ಟಬೇಡಿ, ಮೆಕ್ಯಾನಿಕ್ಕೇ ಬರಲಿ.

ಒಬ್ಬ ಸೋದರಿ ಕೇಳಿದ್ದರು: ‘ಹಳೇ ಬ್ಯಾಟರಿ ಇನ್ನೂ ಇದೆ. ಪಕ್ಕಕ್ಕೆ ಹೊಸದೊಂದು ಸೇರಿಸಿದ್ರೆ ರಾತ್ರಿಯಿಡೀ ಬರ್ತದಾ ಅಕ್ಕಾ?’ ಮೊದಲು ಲೆಕ್ಕ ಹಾಕೋಣ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1,800 ವಾಟ್-ಗಂಟೆ ಶಕ್ತಿ. ಅದರ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಇನ್ವರ್ಟರಿನಲ್ಲಿ ಸೋರಿಹೋಗುವುದನ್ನು ಕಳೆದರೆ ಸುಮಾರು 700. ಹಳೇ ನಮೂನೆಯ 75 ವಾಟಿನ ಎರಡು ಫ್ಯಾನು, 9 ವಾಟಿನ ನಾಲ್ಕು ಎಲ್‌ಇಡಿ ದೀಪ ಹಾಕಿದರೆ 186 ವಾಟ್. ನಾಲ್ಕು ಗಂಟೆಗೂ ಸ್ವಲ್ಪ ಕಡಿಮೆಯೇ ಆಯಿತು. ಅದೇ 30 ವಾಟಿನ ಹೊಸ ಬಗೆಯ ಫ್ಯಾನುಗಳಾದರೆ ಏಳು ಗಂಟೆ! ಎರಡನೇ ಬ್ಯಾಟರಿಗಿಂತ ಎರಡು ಫ್ಯಾನು ಅಗ್ಗವಲ್ಲವೇ?

ಅಷ್ಟಾದರೂ ಇನ್ನೊಂದು ಬೇಕೇ ಬೇಕೆನಿಸಿದರೆ, ಹಳೆಯದಕ್ಕೆ ಹೊಸದನ್ನು ಜೋಡಿಸಬೇಡಿ. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ ಎರಡನ್ನು ಒಟ್ಟಿಗೇ ತರಬೇಕು. ನಿಮ್ಮ ಇನ್ವರ್ಟರ್ 12 ವೋಲ್ಟಿನದೋ 24ರದೋ ಎಂದು ಮೆಕ್ಯಾನಿಕ್ ನೋಡಿಯೇ ಜೋಡಿಸಲಿ. ಎರಡನ್ನೂ ತುಂಬುವಷ್ಟು ಚಾರ್ಜಿಂಗ್ ಶಕ್ತಿ ಅದಕ್ಕಿದೆಯೇ ಎಂದೂ ಕೇಳಿ. ಹೆಚ್ಚುವರಿ ಬ್ಯಾಟರಿಯನ್ನು ಖಾಲಿಯಾಗಿ ಮೂಲೆಗಿಟ್ಟರೆ ತಿಂಗಳುಗಳಲ್ಲಿ ಕೆಡುತ್ತದೆ.

ಆರೈಕೆ ನಮ್ಮ ಕೈಯದೇ. ಎರಡು ತಿಂಗಳಿಗೊಮ್ಮೆ ತೇಲುಬಿರಡೆ ನೋಡಿ. ಕೆಂಪಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನೇ, ಹಸಿರಿನ ಗುರುತು ಮೀರದಂತೆ ಹಾಕಿ. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಲವಣವಿದೆ, ಬೇಡ. ಹತ್ತಿರ ಹೋಗುವ ಮೊದಲು ಇನ್ವರ್ಟರ್ ಬಂದ್ ಮಾಡಿ, ಬಳೆ, ಉಂಗುರ ತೆಗೆದಿಡಿ, ಮಾಂಗಲ್ಯದ ಸರವನ್ನು ರವಿಕೆಯೊಳಗೆ ಸೇರಿಸಿ. ಚಿನ್ನದ ಬಳೆ ಎರಡೂ ತುದಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಆಮ್ಲ ಮೈಗೆ ಸಿಡಿದರೆ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗಾದರೆ ತೊಳೆದ ಕೂಡಲೇ ವೈದ್ಯರಲ್ಲಿಗೆ ಹೋಗಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ. ಇನ್ವರ್ಟರ್‌ಗೆ ಬರುವ ಕರೆಂಟು ಆರಿಸಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ, ಮೆಕ್ಯಾನಿಕ್ಕನ್ನು ಕರೆಸಿ.

ಆಯಸ್ಸು ಮುಗಿದದ್ದನ್ನು ಹಿತ್ತಲಿಗೆ ಎಸೆಯಬೇಡಿ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಮಾರಕ. ಹೊಸದು ಕೊಳ್ಳುವಾಗ ಅಂಗಡಿಗೇ ಕೊಡಿ, ಬೆಲೆಯಲ್ಲಿ ಸ್ವಲ್ಪ ಕಡಿಮೆಯೂ ಆಗುತ್ತದೆ.

‘ಇದೆಲ್ಲ ಗಂಡಸರ ಕೆಲಸ’ ಎನ್ನಬೇಡಿ. ಕರೆಂಟು ಹೋದಾಗ ಮಗುವನ್ನೂ ಒಲೆಯನ್ನೂ ಒಟ್ಟಿಗೆ ನೋಡುವವರು ನಾವೇ ತಾನೆ? ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೀರಲ್ಲ, ಅದರ ಪಕ್ಕದಲ್ಲೇ ಬ್ಯಾಟರಿಗೆ ನೀರು ಹಾಕಿದ ದಿನವನ್ನೂ ಬರೆದಿಡಿ.