ನಿಯಮದೊಡನೆ ಕಾರಣವೂ ಇರಲಿ

ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವ ಲಿನಕ್ಸ್ ವ್ಯವಸ್ಥೆಯು ಉಬುಂಟುವನ್ನು ಆಧರಿಸಿದೆ. ಉಬುಂಟುವಿನಲ್ಲಿ 2007ರಿಂದ ‘ಆ್ಯಪ್‌ಆರ್ಮರ್’ ಎಂಬ ಕಾವಲುಗಾರನಿದ್ದಾನೆ. ಅವನ ಕಾವಲಿಗೊಳಪಟ್ಟ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ನಿಯಮಪಟ್ಟಿ ಉಂಟು: ಯಾವ ಕಡತವನ್ನು ಓದಬಹುದು, ಯಾವುದರಲ್ಲಿ ಬರೆಯಬಹುದು ಎಂದು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅನುಮತಿಯಿಲ್ಲ. ಪ್ರೋಗ್ರಾಮು ದುಷ್ಟರ ಕೈಗೆ ಸಿಕ್ಕಿದರೂ ಹಾನಿ ಆ ಬೇಲಿಯನ್ನು ಸುಲಭವಾಗಿ ದಾಟದು.

ಆದರೆ ಬರಿಯ ನಿಯಮ ಸಾಲದೆಂಬುದು ನನ್ನ ಅಭಿಪ್ರಾಯ. ಅನುಮತಿ ಏಕೆ ಕೊಟ್ಟರೆಂದು ಬರೆದಿಡದಿದ್ದರೆ, ಮುಂದೆ ಬಂದವನು ಅಗತ್ಯವಾದುದನ್ನೇ ಅಳಿಸಿಯಾನು; ಇಲ್ಲವೇ ಕೆಲಸ ನಿಂತಿತೆಂದು ಬೇಸತ್ತು ಕಾವಲನ್ನೇ ತೆಗೆದುಹಾಕಿಯಾನು. ‘ಹ್ಯಾಶ್’ ಚಿಹ್ನೆ ಹಾಕಿ ಕಾರಣ ಬರೆಯಲು ಆ ಪಟ್ಟಿಯಲ್ಲಿಯೇ ಸ್ಥಳವುಂಟು. ಯಂತ್ರಕ್ಕೆ ಅದು ಬೇಡ, ಮನುಷ್ಯನಿಗೆ ಬೇಕು.

ಮನೆಯಲ್ಲಿ ಹೆತ್ತವರೂ ತರಗತಿಯಲ್ಲಿ ನಾವೂ ‘ಕೂಡದು’ ಎನ್ನುವಾಗ ಏಕೆಂದೂ ಹೇಳೋಣ. ತಿಳಿದು ಪಾಲಿಸಿದ ನಿಯಮವೇ ಬಾಳುತ್ತದೆ.